ಕಮ್ಮಾರಿಕೆಯಿಂದ ಉಗಿಯಂತ್ರೋದ್ಯಮಕ್ಕೆ: ಮ್ಯಾಥ್ಯೂ ಮರ್ರೆ

ಉಗಿಯಂತ್ರವೆಂದೊಡನೆ ಜೇಮ್ಸ್ ವಾಟ್ ಅವರ ಹೆಸರು ನೆನಪಾಗುವುದು ಸಹಜ. ಆದರೆ ಬೌಲ್ಟನ್ ಮತ್ತು ವಾಟ್ ಸಂಸ್ಥೆಗೆ ಸರಿಸಮನಾಗಿ ಪೈಪೋಟಿ ನೀಡಿದ ಮ್ಯಾಥ್ಯೂ ಮರ್ರೆ ಕಮ್ಮಾರಿಕೆಯಿಂದ ಮೇಲೆ ಬಂದವರೆಂಬುದು ಅನೇಕರಿಗೆ ತಿಳಿಯದು.

1765ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜನಿಸಿದ ಮರ್ರೆ, 14ನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಕಮ್ಮಾರರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. 1789ರಲ್ಲಿ ಲೀಡ್ಸ್‌ಗೆ ಬಂದು ಜಾನ್ ಮಾರ್ಷಲ್ ಅವರ ಅಗಸೆನಾರಿನ ಗಿರಣಿಯಲ್ಲಿ ನೂಲುವ ಯಂತ್ರಗಳನ್ನು ಸುಧಾರಿಸಿ ಹೆಸರು ಗಳಿಸಿದರು. ಮುಂದೆ ಡೇವಿಡ್ ವುಡ್ ಅವರೊಡನೆ ಸ್ವಂತ ಕಾರ್ಖಾನೆ ತೆರೆದರು. ಬಳಿಕ ಜೇಮ್ಸ್ ಫೆಂಟನ್ ಪಾಲುದಾರರಾದರು. ಕಾರ್ಖಾನೆಯ ದೈನಂದಿನ ಆಡಳಿತ ವುಡ್ ಅವರದು, ಹಣಕಾಸು ಫೆಂಟನ್ ಅವರದು, ಹೊಸ ವಿನ್ಯಾಸ ಮರ್ರೆಯವರದು. ಹೀಗೆ ಹೊಣೆಗಳು ಸ್ಪಷ್ಟವಾಗಿ ಹಂಚಿಕೆಯಾಗಿದ್ದವು.

1800ರಲ್ಲಿ ವಾಟ್ ಅವರ ಪೇಟೆಂಟ್ ಅವಧಿ ಮುಗಿದು ಮಾರುಕಟ್ಟೆ ಎಲ್ಲರಿಗೂ ಮುಕ್ತವಾಯಿತು. ಮರ್ರೆ ತಮ್ಮ ಸುಧಾರಣೆಗಳಿಗೆ ಪೇಟೆಂಟ್ ಪಡೆದರಾದರೂ ಒಂದೇ ಪೇಟೆಂಟಿನಲ್ಲಿ ಹಲವು ಅಂಶಗಳನ್ನು ಸೇರಿಸಿದ್ದರು. ಅವುಗಳಲ್ಲಿ ಒಂದು ಹೊಸದಲ್ಲವೆಂದು ಸಾಬೀತಾದರೂ ಇಡೀ ಪೇಟೆಂಟ್ ಬಿದ್ದುಹೋಗುತ್ತಿತ್ತು. ಪ್ರತಿಸ್ಪರ್ಧಿ ಸಂಸ್ಥೆ ಇದನ್ನೇ ಹಿಡಿದು ಪ್ರಶ್ನಿಸಿ ಪೇಟೆಂಟನ್ನು ರದ್ದುಪಡಿಸಿತು. ಅಷ್ಟಕ್ಕೇ ನಿಲ್ಲದೆ, ಮರ್ರೆಯವರ ಕಾರ್ಖಾನೆ ವಿಸ್ತರಿಸದಂತೆ ಪಕ್ಕದ ಜಮೀನನ್ನೂ ಖರೀದಿಸಿತು.

ಆದರೂ ಮರ್ರೆ ಎದೆಗುಂದಲಿಲ್ಲ. ಸಿಲಿಂಡರಿಗೆ ಉಗಿಯನ್ನು ಬಿಡುವ ಜಾರುಕವಾಟದ ಮೇಲ್ಮೈ ಸಮತಟ್ಟಾಗಿರದಿದ್ದರೆ ಉಗಿ ಸೋರಿ ಕಲ್ಲಿದ್ದಲು ವ್ಯರ್ಥವಾಗುತ್ತದೆ. ಈ ಮೇಲ್ಮೈಯನ್ನು ನಯಗೊಳಿಸಲು ಅವರು ಲೋಹವನ್ನು ಹೆರೆಯುವ ಯಂತ್ರವೊಂದನ್ನು ರೂಪಿಸಿದರು. ಈ ಬಾರಿ ಪೇಟೆಂಟಿನ ಗೊಡವೆಗೆ ಹೋಗದೆ ಅದನ್ನು ಬೀಗ ಹಾಕಿದ ಕೋಣೆಯಲ್ಲಿ ಗುಟ್ಟಾಗಿ ಇರಿಸಿದರು. ಅಚ್ಚುಕಟ್ಟಾದ ಕೆಲಸಗಾರಿಕೆಯೇ ಅವರ ಯಂತ್ರಗಳಿಗೆ ಗ್ರಾಹಕರನ್ನು ಒದಗಿಸಿತು.

1812ರಲ್ಲಿ ಮಿಡಲ್‌ಟನ್ ಗಣಿಯಿಂದ ಲೀಡ್ಸ್‌ಗೆ ಕಲ್ಲಿದ್ದಲು ಸಾಗಿಸಲು ಅವರು ನಿರ್ಮಿಸಿದ ‘ಸಲಮಾಂಕಾ’, ವಾಣಿಜ್ಯವಾಗಿ ಯಶಸ್ವಿಯಾದ ಮೊದಲ ಉಗಿಬಂಡಿ. ಎರಡು ಸಿಲಿಂಡರುಗಳಿದ್ದ ಈ ಬಂಡಿ, ಜಾನ್ ಬ್ಲೆಂಕಿನ್‌ಸಾಪ್ ಅವರ ಹಲ್ಲುಗಳುಳ್ಳ ಹಳಿಯನ್ನು ಹಿಡಿದು ಸಾಗುತ್ತಿತ್ತು. ಇದರಿಂದ ಹಗುರವಾದ ಎಂಜಿನ್ ಕೂಡ ಜಾರದೆ ಭಾರ ಎಳೆಯುವುದು ಸಾಧ್ಯವಾಯಿತು.

1826ರಲ್ಲಿ ನಿಧನರಾದ ಮರ್ರೆಯವರ ಸಮಾಧಿಯ ಮೇಲೆ ಅವರದೇ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣದ ಸ್ತಂಭ ನಿಂತಿದೆ. ಹೊಸ ವಿಧಾನವನ್ನು ಕಂಡುಹಿಡಿಯುವಷ್ಟೇ ಎಚ್ಚರದಿಂದ ಅದರ ದಾಖಲೆಯನ್ನೂ ಸಿದ್ಧಪಡಿಸಬೇಕು. ದಾಖಲೆ ಕೈಕೊಟ್ಟಾಗ ಉದ್ಯಮಿಯನ್ನು ಕಾಯುವುದು ಸರಕಿನ ಗುಣಮಟ್ಟವೇ ಎಂಬುದಕ್ಕೆ ಅವರ ಬದುಕು ನಿದರ್ಶನ.