ಕಪಾಟಿಲ್ಲದ ಗ್ರಂಥಾಲಯ

ಶಿಕಾಗೊ ವಿಶ್ವವಿದ್ಯಾಲಯದ ಮಾನ್ಸುಯೆಟೊ ಗ್ರಂಥಾಲಯಕ್ಕೆ ಕಾಲಿಟ್ಟರೆ ಪುಸ್ತಕದ ಕಪಾಟುಗಳೇ ಕಾಣುವುದಿಲ್ಲ. ಮೊಟ್ಟೆಯಾಕಾರದ ಗಾಜಿನ ಗುಮ್ಮಟ, ಅದರಡಿ 180 ಮಂದಿ ಕೂರುವಷ್ಟು ಮೇಜು, ಕುರ್ಚಿ, ಸುತ್ತಲಿಂದಲೂ ಧಾರಾಳವಾಗಿ ಬೀಳುವ ಬೆಳಕು. ಪುಸ್ತಕಗಳಿರುವುದು ಓದುಗರ ಕಾಲಡಿಯಲ್ಲಿ. ಐವತ್ತು ಅಡಿ ಆಳಕ್ಕೆ ಇಳಿಯುವ ಉಗ್ರಾಣದಲ್ಲಿ 35 ಲಕ್ಷ ಸಂಪುಟಗಳಿಗೆ ಜಾಗ ಮಾಡಲಾಗಿದೆ. 2011ರಲ್ಲಿ ತೆರೆದ ಈ ಕಟ್ಟಡದ ವಿನ್ಯಾಸ ಹೆಲ್ಮುಟ್ ಯಾನ್ ಅವರದು. ಹೆಸರು ಎರಡೂವರೆ ಕೋಟಿ ಡಾಲರ್ ದಾನ ಕೊಟ್ಟ ಹಳೆಯ ವಿದ್ಯಾರ್ಥಿ ದಂಪತಿಯದು.

ಓದುಗ ತನ್ನ ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ಪುಸ್ತಕ ಹುಡುಕಿ ಬೇಡಿಕೆ ಕಳಿಸಿದರೆ ಸಾಕು, ಕೆಳಗೆ ಕ್ರೇನ್ ಹೊರಡುತ್ತದೆ. ಅಂಥವು ಐದಿವೆ. ಕ್ರೇನ್ ಹುಡುಕುವುದು ಪುಸ್ತಕವನ್ನಲ್ಲ, ಅದಿರುವ ಲೋಹದ ತೊಟ್ಟಿಯನ್ನು. ಯಾವ ಪುಸ್ತಕ ಯಾವ ತೊಟ್ಟಿಯಲ್ಲಿದೆ ಎಂಬುದು ಬಾರ್‌ಕೋಡ್ ಮೂಲಕ ಕಂಪ್ಯೂಟರಿಗೆ ಗೊತ್ತಿರುತ್ತದೆ. ತೊಟ್ಟಿ ಮೇಲೆ ಬಂದಮೇಲಿನ ಕೆಲಸ ಮಾತ್ರ ಮನುಷ್ಯರದೇ. ಸಿಬ್ಬಂದಿಯೊಬ್ಬರು ಅದರೊಳಗೆ ಕೈಹಾಕಿ, ಬೆನ್ನು ಮೇಲಾಗಿ ನಿಂತ ಪುಸ್ತಕಗಳ ನಡುವಿನಿಂದ ಬೇಕಾದ್ದನ್ನು ಎತ್ತಿ, ಸ್ಕ್ಯಾನ್ ಮಾಡಿ ಕೌಂಟರಿನಲ್ಲಿಡುತ್ತಾರೆ. ಇದಕ್ಕೆಲ್ಲ ಹಿಡಿಯುವುದು ಕೆಲವೇ ನಿಮಿಷ.

ಕೆಳಗಿನ ಜೋಡಣೆ ವಿಷಯಕ್ಕೆ ತಕ್ಕಂತೆ ಇಲ್ಲ, ಪುಸ್ತಕದ ಅಳತೆಗೆ ತಕ್ಕಂತೆ ಇದೆ. ಗಿಡ್ಡ ಪುಸ್ತಕಗಳೆಲ್ಲ ಒಂದು ತೊಟ್ಟಿಗೆ, ಎತ್ತರದವು ಇನ್ನೊಂದಕ್ಕೆ. ಗಣಿತದ ಪಕ್ಕದಲ್ಲಿ ಸಂಗೀತ ಕೂತರೂ ಅಲ್ಲಿ ಕೇಳುವವರಿಲ್ಲ. ಹೀಗೆ ಒತ್ತೊತ್ತಾಗಿ ತುಂಬುವುದರಿಂದ ಮಾಮೂಲಿ ಕಪಾಟುಗಳು ಹಿಡಿಯುವ ಜಾಗದ ಏಳನೇ ಒಂದು ಭಾಗ ಸಾಕಾಗುತ್ತದೆ. ಓದಿ ಮರಳಿಸಿದ ಪುಸ್ತಕ ಹಳೆಯ ತೊಟ್ಟಿಗೇ ಹೋಗಬೇಕೆಂದೂ ಇಲ್ಲ. ಜಾಗವಿದ್ದಲ್ಲಿ ಇಟ್ಟು, ಹೊಸ ವಿಳಾಸವನ್ನು ಕಂಪ್ಯೂಟರಿಗೆ ತಿಳಿಸಿದರಾಯಿತು. ತಿಳಿಸುವುದರಲ್ಲಿ ತಪ್ಪಿದರೆ ಮಾತ್ರ ಆ ಪುಸ್ತಕ ಇದ್ದೂ ಇಲ್ಲದ ಹಾಗೆ.

ಇಷ್ಟು ಖರ್ಚು ಮಾಡಿ ನೆಲ ಅಗೆಯುವ ಅಗತ್ಯವೇನಿತ್ತು? ಜಾಗ ಸಾಲದಾದಾಗ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಕಡಿಮೆ ಬಳಕೆಯ ಪುಸ್ತಕಗಳನ್ನು ಊರಾಚೆಯ ಗೋದಾಮುಗಳಿಗೆ ಸಾಗಿಸಿವೆ. ಅಲ್ಲಿಂದ ಪುಸ್ತಕ ತರಿಸಿಕೊಳ್ಳಲು ಓದುಗ ಕಾಯಬೇಕು. ಶಿಕಾಗೊ ಆ ದಾರಿ ಬೇಡವೆಂದು, ಪುಸ್ತಕಗಳು ಆವರಣದಲ್ಲೇ ಇರಲಿ ಎಂದು ತೀರ್ಮಾನಿಸಿತು. ಯಂತ್ರದ ಉಪಾಯ ಹೊಸದೇನಲ್ಲ; ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್‌ನಲ್ಲಿರುವ ರಾಜ್ಯ ವಿಶ್ವವಿದ್ಯಾಲಯ 1991ರಲ್ಲೇ ಇಂಥ ವ್ಯವಸ್ಥೆ ಮಾಡಿಕೊಂಡಿತ್ತು.

ಆದರೆ ಕ್ರೇನ್ ತಂದುಕೊಡುವುದು ಕೇಳಿದ್ದನ್ನು ಮಾತ್ರ. ಒಂದು ಪುಸ್ತಕಕ್ಕೆಂದು ಹೋದವರು ಪಕ್ಕದ ಇನ್ನೊಂದನ್ನು ಎತ್ತಿಕೊಂಡು ಬರುವ ಸುಖ ಅಲ್ಲಿಲ್ಲ, ಅದು ಸಣ್ಣ ನಷ್ಟವೂ ಅಲ್ಲ. ಕೊನೆಯ ಹದಿನೈದು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್, ಓದುಗರೇ ಕಪಾಟಿನ ಬಳಿಗೆ ಹೋಗಿ ಆರಿಸಿಕೊಳ್ಳುವಂತಿರಬೇಕು ಎಂದು ಪಟ್ಟು ಹಿಡಿದವರು. ಓದುಗರ ಸಮಯ ಉಳಿಸಬೇಕೆಂದೂ ಹೇಳಿದವರು ಅವರೇ. ಶಿಕಾಗೊ ಎರಡನ್ನೂ ಉಳಿಸಿಕೊಳ್ಳಲು ನೋಡಿದೆ. ಗುಮ್ಮಟಕ್ಕೆ ತಾಗಿಕೊಂಡೇ ಇರುವ, 1970ರ ರೆಗೆನ್‌ಸ್ಟೈನ್ ಗ್ರಂಥಾಲಯದಲ್ಲಿ ಕಪಾಟುಗಳ ನಡುವೆ ಓಡಾಡಿ ಪುಸ್ತಕ ಹುಡುಕುವ ಅವಕಾಶ ಉಳಿದಿದೆ.  

ಶಿಕಾಗೊ ವಿಶ್ವವಿದ್ಯಾಲಯದ ಈ ಸಂಗ್ರಹದಲ್ಲಿ ಕನ್ನಡವೂ ಇದೆ.  ಅಷ್ಟು ದೂರಕ್ಕೆ ನಮ್ಮ ಪುಸ್ತಕಗಳು ಹೋದ ಕಥೆಗೂ ಗೋಧಿಗೂ ನಂಟಿದೆ. ಅಮೆರಿಕದ ಪಿ.ಎಲ್. 480 (ಪಬ್ಲಿಕ್ ಲಾ 480) ಕಾಯ್ದೆ ಎಂದರೆ ಹಿರಿಯರಿಗೆ ರೇಷನ್ ಅಂಗಡಿಯ ಕೆಂಪು ಗೋಧಿ ನೆನಪಾದೀತು. ಅಮೆರಿಕ ಆ ಗೋಧಿಯನ್ನು ಭಾರತಕ್ಕೆ ಮಾರಿದ್ದು ರೂಪಾಯಿಗೆ. ಹಾಗೆ ಇಲ್ಲಿ ಕೂಡಿಬಿದ್ದ ರೂಪಾಯಿಯ ಒಂದು ಪಾಲಿನಿಂದ, 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಹೆಚ್ಚುಕಡಿಮೆ ಅದೇ ಸಮಯಕ್ಕೆ ಮೈಸೂರಿನ ಕವಿ ಎ.ಕೆ. ರಾಮಾನುಜನ್ ಶಿಕಾಗೊಕ್ಕೆ ಪಾಠ ಹೇಳಲು ಹೋದರು.

1993ರಲ್ಲಿ ರಾಮಾನುಜನ್ ತೀರಿಕೊಂಡ ನಂತರ ಅವರ ಕಾಗದಪತ್ರಗಳು ಅಲ್ಲಿನ ವಿಶೇಷ ಸಂಗ್ರಹ ವಿಭಾಗಕ್ಕೆ ಸೇರಿದವು. ದಿನಚರಿಗಳು, ಕರಡುಗಳು, ಟಿಪ್ಪಣಿಗಳು ಪೆಟ್ಟಿಗೆ, ಕಡತಗಳಲ್ಲಿ ವಿಂಗಡವಾಗಿವೆ. ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂಬ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಸಂಶೋಧಕರು ಮೊದಲೇ ತಿಳಿಸಿ ಹೋದರೆ ಪೆಟ್ಟಿಗೆ ಅವರ ಮೇಜಿಗೆ ಬರುತ್ತದೆ. ಪೆನ್ನು ಹೊರಗೇ ಇರಬೇಕು, ಬರೆದುಕೊಳ್ಳಲು ಪೆನ್ಸಿಲ್ ಮಾತ್ರ. ಅವರ ದಿನಚರಿಗಳಿಂದ ಆಯ್ದ ‘ಜರ್ನೀಸ್’ ಎಂಬ ಇಂಗ್ಲಿಷ್ ಪುಸ್ತಕ ಹೊರಬಂದದ್ದು ಈ ಕಡತಗಳಿಂದಲೇ. ಯಾವ ಕ್ರೇನೂ ಮಾಡಲಾಗದ ಈ ವಿಂಗಡಣೆಯೇ ಗ್ರಂಥಾಲಯದ ನಿಜವಾದ ಕಸುಬು ಎನ್ನಬೇಕು.

ಇನ್ನು ವಿಜ್ಞಾನ, ವೈದ್ಯಕೀಯದ ವಿದ್ಯಾರ್ಥಿಗಳಿಗೆ ಕಪಾಟೂ ಬೇಡ, ತೊಟ್ಟಿಯೂ ಬೇಡ. ಅವರಿಗೆ ಬೇಕಾದ್ದು ಸಂಶೋಧನಾ ಪತ್ರಿಕೆಗಳ ಲೇಖನ, ಅದೂ ಪರದೆಯ ಮೇಲೆ. ಇಲ್ಲಿ ಗ್ರಂಥಾಲಯದ ಪಾಡು ಬಾಡಿಗೆ ಮನೆಯವರದು. ಚಂದಾ ನಿಂತರೆ ಬಹಳಷ್ಟು ಪತ್ರಿಕೆಗಳ ಬಾಗಿಲೂ ಮುಚ್ಚಿತು. ಈ ಚಂದಾ ಬಡ ಕಾಲೇಜುಗಳ ಕೈಗೆ ಎಟುಕುವಂಥದ್ದಲ್ಲ. ಭಾರತ ಇದಕ್ಕೆ ಕಂಡುಕೊಂಡ ಪರಿಹಾರ, ಎಲ್ಲರ ಪರವಾಗಿ ಸರ್ಕಾರವೇ ಚಂದಾ ಕಟ್ಟುವುದು. ‘ಒಂದು ದೇಶ, ಒಂದು ಚಂದಾ’ ಯೋಜನೆಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, 6,300 ಸರ್ಕಾರಿ ಸಂಸ್ಥೆಗಳು. 2025ರ ಆರಂಭದಿಂದ ಇದು ಜಾರಿಯಲ್ಲಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದರ ಉಸ್ತುವಾರಿ ನೋಡಿಕೊಳ್ಳುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ತೆರೆಯುವ ಪತ್ರಿಕೆ ಈಗ ಸರ್ಕಾರಿ ಪದವಿ ಕಾಲೇಜಿನ ಅಧ್ಯಾಪಕರಿಗೂ ತೆರೆಯಬೇಕು. ಅದಕ್ಕೆ ಅವರ ಕಾಲೇಜು ನೋಂದಾಯಿಸಿಕೊಂಡಿರಬೇಕು, ಅವರ ಕೈಯಲ್ಲಿ ಲಾಗಿನ್ ಇರಬೇಕು. ಲಾಗಿನ್ ಕೇಳಿ ಪಡೆಯಬಹುದೆಂದು ತಿಳಿಸಿಕೊಡುವುದೂ ಈಗ ಗ್ರಂಥಪಾಲಕರ ಮುಖ್ಯ ಕೆಲಸಗಳಲ್ಲೊಂದು.

ಇನ್‌ಫ್ಲಿಬ್‌ನೆಟ್ ಕೇಂದ್ರವೇ ನಡೆಸುವ ಶೋಧಗಂಗಾ ಭಂಡಾರದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳಿವೆ. ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ಸಲ್ಲಿಸಿದವೂ ಅಲ್ಲಿವೆ. ಅದಕ್ಕೆ ಲಾಗಿನ್ ಬೇಡ, ದುಡ್ಡು ಬೇಡ. ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಮೊದಲು ಇಂಥ ಪ್ರಬಂಧ ನೋಡಬೇಕಾದರೆ ಧಾರವಾಡಕ್ಕೋ ಮಾನಸಗಂಗೋತ್ರಿಗೋ ಬಸ್ ಹತ್ತಬೇಕಾಗಿತ್ತು.

ಕನ್ನಡ ಸಂಶೋಧನೆ ಮಾಡುವವರಿಗೆ ಆ 13,000 ಪತ್ರಿಕೆಗಳಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಅವರಿಗೆ ಬೇಕಾದ್ದು ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳು, ವಿದೇಶಿ ಪ್ರಕಾಶಕರ ಪಟ್ಟಿಯಲ್ಲಿ ಅವು ಇರುವುದು ಸಾಧ್ಯವೇ ಇಲ್ಲ. ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸುತ್ತಿದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ತಮ್ಮ ಬೀರುಗಳಲ್ಲಿರುವ ಹಳೆಯ ಸಂಪುಟಗಳನ್ನು ಇಂಥ ಕೆಲಸಕ್ಕೆ ಎಷ್ಟು ಬೇಗ ಕೊಡುತ್ತವೆ ಎಂಬುದರ ಮೇಲೆ ಆ ಸಂಚಿಕೆಗಳು ಊರೂರಿನ ಓದುಗರಿಗೆ ಸಿಗುವುದು ನಿಂತಿದೆ.