ಮೈವಾಸನೆಗೂ ಒಲವಿಗೂ ಏನು ನಂಟು?

ಸಂಗಾತಿಯ ಬೆವರಿನ ವಾಸನೆ ಹಿಡಿಸಲಿಲ್ಲ ಅಂದರೆ ಜೋಡಿಯೇ ಸರಿಯಿಲ್ಲ ಎಂದರ್ಥವೇ? ಗಾಬರಿ ಬೇಡ. ಮೊದಲು ವಿಷಯ ತಿಳಿದುಕೊಳ್ಳಿ.

ಹೆಣ್ಣು ನೋಡುವ ಶಾಸ್ತ್ರದ ಹೊತ್ತಿಗೆ ನಾವು ಎಲ್ಲವನ್ನೂ ವಿಚಾರಿಸುತ್ತೇವೆ. ಹುಡುಗನ ಓದು, ಕೆಲಸ, ಸಂಬಳ, ಜಾತಕ, ಮನೆತನ, ಕೊನೆಗೆ ಸಿಗರೇಟು-ಗಿಗರೇಟು ಅಭ್ಯಾಸ ಇದೆಯಾ ಅನ್ನುವುದನ್ನೂ ಬಿಡುವುದಿಲ್ಲ. ಆದರೆ ಅವನ ಮೈವಾಸನೆ ಹೇಗಿದೆ ಅಂತ ಯಾರೂ ಕೇಳುವುದಿಲ್ಲ, ಕೇಳೋಕೂ ಆಗಲ್ಲ! ಅವತ್ತು ಅವನು ಇಸ್ತ್ರಿ ಮಾಡಿದ ಷರ್ಟ್ ತೊಟ್ಟು, ಸೆಂಟ್ ಹಾಕಿಕೊಂಡು ಬಂದಿರುತ್ತಾನೆ. ಇವಳ ಮುಡಿಯಲ್ಲಿ ಮಲ್ಲಿಗೆ. ಮೂಗಿಗೆ ನಿಜವಾದ ಪರಿಚಯ ಆಗುವುದು ಮದುವೆ ಗಡಿಬಿಡಿ ಮುಗಿದು, ಇಬ್ಬರೂ ಒಂದೇ ಕೋಣೆಯಲ್ಲಿ ದಿನ ಕಳೆಯಲು ಶುರು ಮಾಡಿದ ಮೇಲೆ.

ಆಗ ಕೆಲವರಿಗೆ ಗಂಡನ ಬೆವರಿನ ವಾಸನೆಯೂ ಹಿತ. ಅವನು ಊರಿಗೆ ಹೋದರೆ ಅವನ ದಿಂಬಿಗೆ ಮುಖ ಒತ್ತಿ ಮಲಗುವವರೂ ಇದ್ದಾರೆ. ಇನ್ನು ಕೆಲವರಿಗೆ ಅದೇ ಹಿಂಸೆ. ಅವನು ಹತ್ತಿರ ಬಂದರೆ ಮುಖ ತಾನಾಗಿಯೇ ಆಚೆ ತಿರುಗುತ್ತದೆ. ಅಮ್ಮನ ಹತ್ತಿರ ಹೇಳೋಕೆ ನಾಚಿಕೆ, ಅವನಿಗೇ ಹೇಳೋಣವೆಂದರೆ ಎಲ್ಲಿ ನೊಂದುಕೊಳ್ಳುತ್ತಾನೋ ಎಂಬ ಅಳುಕು. ಇದರ ಜೊತೆಗೆ ‘ವಾಸನೆ ಹಿಡಿಸದಿದ್ದರೆ ಜೀನ್ಸ್ ಹೊಂದಿಕೆಯಾಗಿಲ್ಲ ಅಂತ’ ಎಂದು ಎಲ್ಲೋ ಓದಿಬಿಟ್ಟರಂತೂ ತಲೆಯಲ್ಲಿ ಹುಳ ಬಿಟ್ಟ ಹಾಗೆ. ಅಷ್ಟಕ್ಕೂ ಈ ಮಾತು ಹುಟ್ಟಿದ್ದು ಎಲ್ಲಿ? ಎಷ್ಟು ನಂಬಬಹುದು?

ಟೀ-ಷರ್ಟ್ ಮೂಸಿದ ಪರೀಕ್ಷೆ

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಕ್ಲಾಸ್ ವೆಡೆಕಿಂಡ್ ಎಂಬ ವಿಜ್ಞಾನಿ ಒಂದು ವಿಚಿತ್ರ ಪರೀಕ್ಷೆ ಮಾಡಿದರು. 44 ಯುವಕರು ಎರಡು ರಾತ್ರಿ ಒಂದೇ ಟೀ-ಷರ್ಟ್ ಹಾಕಿಕೊಂಡು ಮಲಗಬೇಕು. ಸೆಂಟ್ ಹಾಕುವಂತಿಲ್ಲ, ಮಸಾಲೆ ಊಟ ಮಾಡುವಂತಿಲ್ಲ, ಪರಿಮಳವಿಲ್ಲದ ಸೋಪನ್ನೇ ಬಳಸಬೇಕು. ಆಮೇಲೆ ಆ ಷರ್ಟುಗಳನ್ನು ತೂತು ಮಾಡಿದ ಡಬ್ಬಗಳಲ್ಲಿಟ್ಟು, ಯಾರದ್ದು ಎಂದು ಹೇಳದೆ 49 ಯುವತಿಯರಿಗೆ ಮೂಸಿ ನೋಡಲು ಕೊಟ್ಟರು. 1995ರಲ್ಲಿ ಬಂದ ಫಲಿತಾಂಶ ದೊಡ್ಡ ಸುದ್ದಿಯಾಯಿತು.

ನಮ್ಮ ದೇಹದಲ್ಲಿ ರೋಗದ ವಿರುದ್ಧ ಹೋರಾಡಲು ನೆರವಾಗುವ ಎಚ್‌ಎಲ್‌ಎ ಎಂಬ ಜೀನ್‌ಗಳಿವೆ. ಇವು ಒಬ್ಬರಿಂದ ಒಬ್ಬರಿಗೆ ಬೇರೆಬೇರೆ. ತಮ್ಮ ಜೀನ್‌ಗಳಿಗಿಂತ ತೀರಾ ಬೇರೆಯಾದ ಜೀನ್‌ಗಳಿರುವ ಹುಡುಗರ ಷರ್ಟಿನ ವಾಸನೆಯೇ ಆ ಯುವತಿಯರಿಗೆ ಹೆಚ್ಚು ಹಿತವೆನಿಸಿತ್ತು. ಇಬ್ಬರ ಜೀನ್‌ಗಳು ಬೇರೆಯಾಗಿದ್ದರೆ ಹುಟ್ಟುವ ಮಗುವಿಗೆ ಹೆಚ್ಚು ಬಗೆಯ ರೋಗಗಳನ್ನು ಎದುರಿಸುವ ಶಕ್ತಿ ಬರಬಹುದು, ಅದಕ್ಕೇ ಮೂಗು ಹೀಗೆ ಆರಿಸುತ್ತದೆ ಎಂಬುದು ಅವರ ತರ್ಕ. ಇಲಿಗಳಲ್ಲಿ ಇಂಥ ಆಯ್ಕೆ 1976ರಲ್ಲೇ ಕಂಡುಬಂದಿತ್ತು. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದ ಯುವತಿಯರಲ್ಲಿ ಮಾತ್ರ ಫಲಿತಾಂಶ ತಿರುವುಮುರುವಾಗಿತ್ತು.

ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ!

ಆಮೇಲೆ ಹಲವು ಕಡೆ ಹಲವರು ಇಂಥದೇ ಪರೀಕ್ಷೆ ಮಾಡಿದರು. ಕೆಲವರಿಗೆ ಅದೇ ಉತ್ತರ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಗಂಡ-ಹೆಂಡಿರ ಜೀನ್‌ಗಳನ್ನೇ ಹೋಲಿಸಿದಾಗಲೂ ಅಷ್ಟೆ. ಅಮೆರಿಕದ ಹಟರೈಟ್ ಎಂಬ ಪುಟ್ಟ ಕ್ರೈಸ್ತ ಸಮುದಾಯದ ದಂಪತಿಗಳ ಜೀನ್‌ಗಳು ನಿರೀಕ್ಷೆಗಿಂತ ಹೆಚ್ಚು ಬೇರೆಬೇರೆಯಾಗಿದ್ದವು ಎಂದು 1997ರಲ್ಲಿ ಗೊತ್ತಾಯಿತು. ಅದೇ ವರ್ಷ ದಕ್ಷಿಣ ಅಮೆರಿಕದ ಮೂಲನಿವಾಸಿ ಜೋಡಿಗಳನ್ನು ನೋಡಿದವರಿಗೆ ಅಂಥದ್ದೇನೂ ಕಾಣಲಿಲ್ಲ. 2020ರಲ್ಲಿ ಈ ಬಗೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ, ವಾಸನೆಯ ಆಯ್ಕೆಯಲ್ಲಿ ಈ ಜೀನ್‌ಗಳ ಪ್ರಭಾವ ಸೊನ್ನೆಗೆ ಹತ್ತಿರ ಎಂದೇ ಬಂತು.

ಹಾಗಾದರೆ ಸಗೋತ್ರ ಬೇಡ ಅಂದ ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತಾ? ಹಾಗೆ ಹೇಳಲಿಕ್ಕಾಗದು. ಸೋದರಮಾವನಿಗೆ ಹುಡುಗಿಯನ್ನು ಕೊಡುವ ರೂಢಿಯೂ ನಮ್ಮಲ್ಲೇ ಇದೆಯಲ್ಲ! ಗೋತ್ರ ಬೇರೆಯಾದರೂ ರಕ್ತ ಹತ್ತಿರದ್ದೇ.

‘ಫೆರೋಮೋನ್ ಇದೆ, ಹಚ್ಚಿಕೊಂಡರೆ ಎದುರಿನವರು ಮರುಳಾಗುತ್ತಾರೆ’ ಎಂದು ಮಾರುವ ಸೆಂಟ್‌ಗಳನ್ನೂ ನಂಬಬೇಡಿ. ಮನುಷ್ಯರಲ್ಲಿ ಅಂಥ ರಾಸಾಯನಿಕ ಇದೆ ಎಂದು ಖಚಿತವಾಗಿ ಸಾಬೀತಾಗಿಲ್ಲ. ಹಾಗೆಯೇ ವಾಸನೆಯ ವಿಚಾರ ಓದಿ ಗರ್ಭನಿರೋಧಕ ಮಾತ್ರೆ ನಿಲ್ಲಿಸಬೇಡಿ. ಏನೇ ಸಂದೇಹವಿದ್ದರೂ ಡಾಕ್ಟರನ್ನು ಕೇಳಿ.

ಜೊತೆಗಿದ್ದಷ್ಟೂ ಹಿತ

ಆಯ್ಕೆಯಲ್ಲಿ ಮೂಗಿನ ಪಾತ್ರ ಸಣ್ಣದಿರಬಹುದು. ಆದರೆ ಒಲವು ಬೆಳೆದ ಮೇಲೆ ಅದರ ಕೆಲಸ ಸಣ್ಣದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2018ರಲ್ಲಿ 96 ಮಹಿಳೆಯರಿಗೆ ಷರ್ಟ್ ಮೂಸಲು ಕೊಟ್ಟು, ಆಮೇಲೆ ಟೆನ್ಷನ್ ಆಗುವಂಥ ಪರೀಕ್ಷೆಗೆ ಕೂರಿಸಿದರು. ತಮ್ಮ ಸಂಗಾತಿಯ ಷರ್ಟ್ ಮೂಸಿದವರಿಗೆ ಆದ ಒತ್ತಡ ಕಡಿಮೆ. ಅಪರಿಚಿತ ಗಂಡಸಿನ ಷರ್ಟ್ ಮೂಸಿದವರ ದೇಹದಲ್ಲಿ ಒತ್ತಡದ ಹಾರ್ಮೋನ್ ಹೆಚ್ಚಿತ್ತು. ಸಂಗಾತಿಯ ವಾಸನೆ ಇರುವ ಬಟ್ಟೆ ಪಕ್ಕದಲ್ಲಿದ್ದರೆ ನಿದ್ದೆಯೂ ಕೊಂಚ ಚೆನ್ನಾಗಿ ಬರುತ್ತದೆ ಎಂದು ಅವರದೇ ಇನ್ನೊಂದು ಅಧ್ಯಯನ 2020ರಲ್ಲಿ ಹೇಳಿತು.

ಬಾಣಂತಿಯರನ್ನು ಕೇಳಿ ನೋಡಿ. ಹೆತ್ತ ಒಂದೆರಡು ದಿನಗಳಲ್ಲೇ ತನ್ನ ಮಗುವಿನ ಅಂಗಿಯನ್ನು ತಾಯಿ ಬರೀ ವಾಸನೆಯಿಂದ ಗುರುತಿಸಬಲ್ಲಳು. ಪ್ರೀತಿ ಮತ್ತು ಒಡನಾಟ ಮೂಗಿಗೂ ಪಾಠ ಹೇಳಿಕೊಡುತ್ತವೆ. ಆದ್ದರಿಂದ ಮದುವೆಯಾದ ಹೊಸದರಲ್ಲಿ ಹಿಡಿಸದ ವಾಸನೆ ಕೊನೆತನಕ ಹಾಗೇ ಇರಬೇಕೆಂದಿಲ್ಲ. ಬಸುರಿಯಾದ ಮೊದಲ ತಿಂಗಳುಗಳಲ್ಲಿ ಒಗ್ಗರಣೆ ವಾಸನೆಯಂತೆ ಗಂಡನ ವಾಸನೆಯೂ ಆಗದೇ ಹೋಗಬಹುದು. ಹೆಚ್ಚಿನವರಿಗೆ ಅದು ತಾನಾಗಿಯೇ ಸರಿಹೋಗುತ್ತದೆ.

ವಾಸನೆ ಬರುವುದೇಕೆ?

ಬೆವರಿಗೆ ತನ್ನದೇ ಆದ ವಾಸನೆ ಇಲ್ಲವೆಂದರೂ ಸರಿ. ಕಂಕುಳಲ್ಲಿ ಹರೆಯ ಬಂದ ಮೇಲೆ ಚುರುಕಾಗುವ ವಿಶೇಷ ಗ್ರಂಥಿಗಳಿವೆ. ಅವುಗಳಿಂದ ಬರುವ ಜಿಡ್ಡಿನ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ತಿಂದು ಒಡೆದಾಗ ನಾತ ಹುಟ್ಟುತ್ತದೆ. ಅಂದರೆ ಅರ್ಧ ಸಮಸ್ಯೆ ಒಗೆತ, ಸ್ನಾನ, ಬಟ್ಟೆಯಲ್ಲೇ ಬಗೆಹರಿಯುವಂಥದ್ದು.

ಹೀಗೆ ಮಾಡಿ ನೋಡಿ

* ಸಂಜೆ ಮನೆಗೆ ಬಂದ ಮೇಲೆ ಇನ್ನೊಂದು ಸ್ನಾನ, ಆಗದಿದ್ದರೆ ಕಂಕುಳನ್ನಾದರೂ ಸೋಪು ಹಚ್ಚಿ ತೊಳೆದು ಚೆನ್ನಾಗಿ ಒರೆಸಿಕೊಳ್ಳುವುದು.
* ಪಾಲಿಯೆಸ್ಟರ್ ಬಟ್ಟೆಯಲ್ಲಿ ನಾತ ಬೇಗ ಹಿಡಿಯುತ್ತದೆ. ಕಾಟನ್ ಷರ್ಟ್, ಕಾಟನ್ ಬನಿಯನ್ ಒಳ್ಳೆಯದು. ಒಮ್ಮೆ ಹಾಕಿದ ಬನಿಯನ್ ಮತ್ತೆ ಹಾಕುವುದು ಬೇಡ.
* ಡಿಯೋಡರೆಂಟ್ ವಾಸನೆಯನ್ನು ತಡೆಯುತ್ತದೆ, ಆ್ಯಂಟಿಪರ್ಸ್ಪಿರಂಟ್ ಬೆವರನ್ನೇ ಕಡಿಮೆ ಮಾಡುತ್ತದೆ. ಎರಡನೆಯದನ್ನು ರಾತ್ರಿ ಮಲಗುವ ಮುಂಚೆ, ಒಣಗಿದ ಚರ್ಮಕ್ಕೆ ಹಚ್ಚಿದರೆ ಹೆಚ್ಚು ಪರಿಣಾಮ.
* ಸೆಂಟನ್ನು ಅವರೇ ಆರಿಸಿಕೊಳ್ಳಲಿ. ಯಾರೋ ಕೊಟ್ಟ ಸೆಂಟಿಗಿಂತ ತಾವೇ ಆರಿಸಿದ ಸೆಂಟ್ ಅವರವರ ಮೈವಾಸನೆಗೆ ಚೆನ್ನಾಗಿ ಹೊಂದುತ್ತದೆ ಎಂದು ಪ್ರಾಗ್ ನಗರದ ವಿಜ್ಞಾನಿಗಳು 2012ರಲ್ಲಿ ಕಂಡುಕೊಂಡರು.
* ಮೆಂತ್ಯ ಜಾಸ್ತಿ ತಿಂದರೆ ಬೆವರಿಗೂ ಅದರ ಘಾಟು ಬರುತ್ತದೆ. ಬೆಳ್ಳುಳ್ಳಿ ಬಾಯಿ ನಾತಕ್ಕೆ ಕಾರಣ, ನಿಜ. ಆದರೆ ಬೆಳ್ಳುಳ್ಳಿ ತಿಂದ ಗಂಡಸರ ಕಂಕುಳ ವಾಸನೆಯೇ ಹೆಚ್ಚು ಹಿತ ಎಂದು 2016ರ ಒಂದು ಅಧ್ಯಯನದಲ್ಲಿ ಮಹಿಳೆಯರು ಹೇಳಿದ್ದಾರೆ!

ಹೇಳುವುದು ಹೇಗೆ?

ಒಂದು ಮಾತು ನೆನಪಿರಲಿ, ನಮ್ಮ ವಾಸನೆ ನಮ್ಮ ಮೂಗಿಗೆ ತಿಳಿಯುವುದಿಲ್ಲ. ಸದಾ ಜೊತೆಗಿರುವ ವಾಸನೆಯನ್ನು ಮೂಗು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರು ಬೇಕೆಂದೇ ಹಾಗಿರುವುದಲ್ಲ, ಅವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಹಾಗಾಗಿ ಜಗಳದ ಮಧ್ಯೆ, ಅತ್ತೆ-ನಾದಿನಿಯರ ಎದುರು ಈ ಮಾತು ತೆಗೆಯಬೇಡಿ. ಇಬ್ಬರೇ ಇದ್ದಾಗ, ‘ರೀ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆಫೀಸಿಂದ ಬಂದ ತಕ್ಷಣ ಒಂದು ಸ್ನಾನ ಮಾಡಿಬಿಡಿ, ನನಗೆ ಹತ್ತಿರ ಕೂತ್ಕೊಳ್ಳೋಕೆ ಖುಷಿಯಾಗುತ್ತೆ’ ಎಂದರೆ ಯಾವ ಗಂಡ ತಾನೇ ಮುನಿಸಿಕೊಂಡಾನು? ಅವರೂ ನಿಮಗೆ ಹಾಗೇ ಏನಾದರೂ ಹೇಳಿದರೆ ಮುಖ ಊದಿಸಿಕೊಳ್ಳದೆ ಕೇಳಿಸಿಕೊಳ್ಳಿ.

ವಾಸನೆ ಬದಲಾದರೆ ಎಚ್ಚರ

ಇನ್ನೊಂದು ಮುಖ್ಯ ವಿಷಯವಿದೆ. ಸ್ಕಾಟ್ಲೆಂಡಿನ ಜಾಯ್ ಮಿಲ್ನ್ ಎಂಬ ನರ್ಸ್‌ಗೆ ಗಂಡನ ಮೈವಾಸನೆ ಬದಲಾಗಿದೆ ಅನ್ನಿಸಿತು. ಸ್ನಾನ ಸರಿಯಾಗಿ ಮಾಡುತ್ತಿಲ್ಲವೆಂದು ಆಕೆ ಗದರಿದ್ದೂ ಉಂಟು. ಸುಮಾರು 12 ವರ್ಷಗಳ ನಂತರ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಗೊತ್ತಾಯಿತು. ಮುಂದೆ ಅಂಥ ರೋಗಿಗಳ ಗುಂಪಿನ ನಡುವೆ ಹೋದಾಗ ಎಲ್ಲರಲ್ಲೂ ಅದೇ ವಾಸನೆ! ಎಡಿನ್‌ಬರೋ ವಿಶ್ವವಿದ್ಯಾಲಯದವರು ಟೀ-ಷರ್ಟ್ ಕೊಟ್ಟು ಪರೀಕ್ಷಿಸಿದಾಗ ಆರು ಜನ ರೋಗಿಗಳನ್ನೂ ಆಕೆ ಸರಿಯಾಗಿ ಗುರುತಿಸಿದರು. ಆರೋಗ್ಯವಾಗಿದ್ದ ಆರು ಮಂದಿಯಲ್ಲಿ ಒಬ್ಬರಿಗೂ ಕಾಯಿಲೆ ಇದೆ ಎಂದರು. ತಪ್ಪಿರಬೇಕು ಅಂದುಕೊಂಡಿದ್ದವರಿಗೆ ಎಂಟು ತಿಂಗಳ ಮೇಲೆ ಆಶ್ಚರ್ಯ ಕಾದಿತ್ತು. ಆ ವ್ಯಕ್ತಿಗೂ ಪಾರ್ಕಿನ್ಸನ್ ಎಂದು ಡಾಕ್ಟರು ಹೇಳಿದ್ದರು.

ಇಂಥ ಮೂಗು ಎಲ್ಲರಿಗೂ ಇರುವುದಿಲ್ಲ. ಆದರೂ ಇಷ್ಟು ವರ್ಷ ಇಲ್ಲದ ವಾಸನೆ ಇದ್ದಕ್ಕಿದ್ದಂತೆ ಬಂದರೆ, ಉಸಿರಿನಲ್ಲಿ ಹಣ್ಣು ಕೊಳೆತಂಥ ವಾಸನೆ ಇದ್ದರೆ, ಮೈ ಮೀನಿನಂತೆ ನಾರಿದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ ಸೆಂಟ್ ಹೊಡೆದು ಸುಮ್ಮನಾಗಬೇಡಿ. ಸಕ್ಕರೆ ಕಾಯಿಲೆಯವರ ಉಸಿರಿನಲ್ಲಿ ಹಣ್ಣಿನ ವಾಸನೆ ಬಂದರಂತೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂಗು ಜೋಡಿ ಹೊಂದಿಸಿಕೊಡುತ್ತದೋ ಇಲ್ಲವೋ, ಜೊತೆಗಿರುವವರ ಆರೋಗ್ಯ ಕಾಯಲು ಖಂಡಿತ ನೆರವಾಗುತ್ತದೆ.