ಶಾಲೆಯೂ ಪಂಚಾಯತೂ ಕೈಜೋಡಿಸಿದರೆ

ನಮ್ಮ ಊರುಗಳಲ್ಲಿ ಗ್ರಾಮಸಭೆ ಸೇರುವುದು ಹೆಚ್ಚಾಗಿ ಶಾಲೆಯಲ್ಲಿ. ಅಷ್ಟು ಮಂದಿಗೆ ಕುಳಿತುಕೊಳ್ಳಲು ಬೆಂಚು, ಮಳೆಗೆ ಮಾಡು, ಎಲ್ಲರಿಗೂ ದಾರಿ ಗೊತ್ತಿರುವ ಅಂಗಳ ಬೇರೆಲ್ಲಿದೆ? ಬೆಂಚು ಸಾಲಾಗಿ ಇಡಿಸಿ, ಬೀಗದ ಕೈ ಒಪ್ಪಿಸಿ, ಅಧ್ಯಾಪಕರಾದ ನಾವು ಮನೆಗೆ ಹೊರಡುತ್ತಿದ್ದೆವು. ಸಭೆ ಪಂಚಾಯತಿನವರದ್ದು, ಶಾಲೆ ನಮ್ಮದು ಎಂದು ಎಣಿಸಿದ್ದೆವು. ಆ ಎಣಿಕೆ ತಪ್ಪೆಂದು ತಿಳಿಯಲು ನಮಗೆ ಬಹಳ ವರ್ಷ ಬೇಕಾಯಿತು.

ಒಂದು ಗ್ರಾಮಸಭೆ ಕಳೆದು ಕೆಲವು ವಾರಗಳಾಗಿದ್ದವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಡಚಿದ ಕಾಗದ ಹಿಡಿದುಕೊಂಡು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಳು. "ಮಾಷ್ಟ್ರೇ, ಇದರಲ್ಲಿ ಎಂತ ಬರೆದಿದೆ ಅಂತ ಕೇಳಿಕೊಂಡು ಬರಲು ಅಜ್ಜಿ ಹೇಳಿದ್ದಾರೆ" ಎಂದಳು. ಬಿಡಿಸಿ ನೋಡಿದರೆ ಮನೆ ದುರಸ್ತಿಯ ಸಹಾಯಧನದ ಅರ್ಜಿ. ಮೊದಲಿನಿಂದ ಕೊನೆಯವರೆಗೆ ಮಲಯಾಳ. ಸಲ್ಲಿಸಬೇಕಾದ ದಿನ ಆಗಲೇ ಕಳೆದುಹೋಗಿತ್ತು. ಆ ಅಜ್ಜಿ ಓದು ಬಾರದವರಲ್ಲ; ಐದನೆಯ ತರಗತಿಯವರೆಗೆ ಕನ್ನಡ ಕಲಿತವರು, ದಿನಪತ್ರಿಕೆ ಓದುವವರು. ಸಭೆಯ ದಿನ ನಮ್ಮದೇ ಬೆಂಚಿನಲ್ಲಿ ಎರಡು ಗಂಟೆ ಕುಳಿತು, ಕಾಗದ ಪಡೆದು, ಅದೇನೆಂದು ಕೇಳಲು ಸಂಕೋಚಪಟ್ಟು ಮನೆಗೆ ಹೋಗಿದ್ದರು. ಆ ಮಳೆಗಾಲವನ್ನು ಅವರು ಟರ್ಪಾಲಿನ ಅಡಿಯಲ್ಲಿ ಕಳೆದರು.

ವಾರ್ಡು ಸದಸ್ಯರಲ್ಲಿ ಈ ವಿಷಯ ಹೇಳಿದೆವು. ಅವರ ಮನೆಮಾತು ಮಲಯಾಳ. ಕೇಳಿ ನೊಂದುಕೊಂಡರು. "ನನಗಿದು ಹೊಳೆಯಲೇ ಇಲ್ಲ ಮಾಷ್ಟ್ರೇ. ಆದರೆ ನಿಮ್ಮಲ್ಲಿ ಒಬ್ಬರಾದರೂ ಆ ದಿನ ಸಭೆಯಲ್ಲಿ ಇರಬಹುದಿತ್ತಲ್ಲ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅನಂತರವೇ ನಾವು ಕಾನೂನಿನ ಪುಟಗಳನ್ನು ತಿರುವಿ ನೋಡಿದ್ದು. ಸಂವಿಧಾನದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಯತ್ನಿಸಬೇಕೆನ್ನುತ್ತದೆ. ಯಾರು ಯತ್ನಿಸಬೇಕು? ರಾಜ್ಯ ಸರಕಾರ ಮಾತ್ರವಲ್ಲ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಎಂದು ಅಲ್ಲಿ ಸ್ಪಷ್ಟವಾಗಿದೆ. ಈ ವಿಧಿ ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು, ಅಂದರೆ ಕಾಸರಗೋಡು ಕೇರಳಕ್ಕೆ ಸೇರಿದ ದಿನದಂದೇ. ಆ ದಿನ ಕಳೆದುಕೊಂಡದ್ದನ್ನು ನಾವು ಪ್ರತಿ ವರ್ಷ ನೆನೆಯುತ್ತೇವೆ. ಅದೇ ದಿನ ಕೈಗೆ ಬಂದ ಹಕ್ಕನ್ನು ನೆನೆಯುವವರು ವಿರಳ.

1994ರ ಕೇರಳ ಪಂಚಾಯತ್ ರಾಜ್ ಕಾನೂನಿನ ಮೇರೆಗೆ ಸರಕಾರಿ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತಿನ ಹೊಣೆಗೂ, ಸರಕಾರಿ ಪ್ರೌಢಶಾಲೆಗಳು ಜಿಲ್ಲಾ ಪಂಚಾಯತಿನ ಹೊಣೆಗೂ ಬಂದವು. 1996ರಲ್ಲಿ ಜನಕೀಯ ಯೋಜನೆ ಆರಂಭವಾದಾಗ ರಾಜ್ಯದ ಯೋಜನಾ ವೆಚ್ಚದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವ ತೀರ್ಮಾನವಾಯಿತು. ಐಡೆಡ್ ಶಾಲೆಗಳ ಕಟ್ಟಡ ಆಡಳಿತ ಮಂಡಳಿಯದು, ಪಂಚಾಯತಿನ ಆಸ್ತಿಯಲ್ಲ. ಆದರೆ ಅಲ್ಲಿ ಕಲಿಯುವ ಮಕ್ಕಳೂ ಅವರ ಮನೆಯವರೂ ಅದೇ ಪಂಚಾಯತಿನ ಪ್ರಜೆಗಳು.

ಈ ಹಣಕ್ಕೆ ದಾರಿ ಹೇಗೆ? ವಾರ್ಡಿನ ಮತದಾರರೆಲ್ಲ ಗ್ರಾಮಸಭೆಯ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಹತ್ತರಲ್ಲಿ ಒಂದು ಪಾಲು ಮತದಾರರಾದರೂ ಇರಬೇಕು. ಅಲ್ಲಿ ಬಂದ ಸಲಹೆಗಳನ್ನು ಕಾರ್ಯತಂಡಗಳು ಪರಿಶೀಲಿಸುತ್ತವೆ, ಅಭಿವೃದ್ಧಿ ವಿಚಾರಸಂಕಿರಣದಲ್ಲಿ ಚರ್ಚೆಯಾಗುತ್ತದೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ ಬೇಕು. ಗ್ರಾಮಸಭೆಯಲ್ಲಿ ಬಾಯಿ ತೆರೆಯದೆ, ಯೋಜನೆ ಅಂಗೀಕಾರವಾದ ಮೇಲೆ ನಿಯೋಗ ಹೋದರೆ ಸಿಗುವುದು ಒಳ್ಳೆಯ ಮಾತು ಮಾತ್ರ. ನೀರು ಹರಿದು ಹೋದ ಮೇಲೆ ಕಟ್ಟ ಕಟ್ಟಿದಂತೆ.

ಶಾಲೆ ಮತ್ತು ಪಂಚಾಯತು ಒಂದಾದರೆ ಏನಾಗಬಹುದೆಂಬುದಕ್ಕೆ ನಿದರ್ಶನಗಳು ನಮ್ಮ ಮುಂದೆಯೇ ಇವೆ. 2023ರಲ್ಲಿ ಕುಟುಂಬಶ್ರೀಯ 'ಮರಳಿ ಶಾಲೆಗೆ' ಕಾರ್ಯಕ್ರಮದಲ್ಲಿ ರಜಾದಿನಗಳಂದು ತಾಯಂದಿರು ಶಾಲೆಯ ಬೆಂಚಿನಲ್ಲಿ ಕುಳಿತು ಪಾಠ ಕೇಳಿದರು. ಎಂಡೋಸಲ್ಫಾನಿನಿಂದ ನೊಂದ ನಮ್ಮ ಜಿಲ್ಲೆಯ ಪಂಚಾಯತುಗಳಲ್ಲಿ ವಿಶೇಷ ಮಕ್ಕಳಿಗಾಗಿ ಬಡ್ಸ್ ಶಾಲೆಗಳು ನಡೆಯುತ್ತಿವೆ. ಅಲ್ಲಿಗೆ ಬರುವ ಮಕ್ಕಳಲ್ಲಿ ತುಳು, ಕನ್ನಡ ಮನೆಗಳವರೂ ಇದ್ದಾರೆ. ಆ ತಾಯಂದಿರಿಗೆ ಚಿಕಿತ್ಸೆಯ ವಿಷಯ ಅರ್ಥವಾಗುವ ಮಾತಿನಲ್ಲಿ ತಿಳಿಯುವುದು ಭಾಷಾಭಿಮಾನದ ಪ್ರಶ್ನೆಯಲ್ಲ, ಮಗುವಿನ ಆರೋಗ್ಯದ ಪ್ರಶ್ನೆ.

ನಾವು ಮಾಡಿದ್ದು ಅತಿ ಸಣ್ಣ ಕೆಲಸ. ರಕ್ಷಕ-ಶಿಕ್ಷಕ ಸಂಘದಲ್ಲಿ ಮಾತಾಡಿ, ವಾರ್ಡು ಸದಸ್ಯರ ಸಮ್ಮತಿ ಪಡೆದು, ಗ್ರಾಮಸಭೆಯ ಮೊದಲಿನ ಮತ್ತು ಅನಂತರದ ಶನಿವಾರಗಳಂದು ಶಾಲೆಯ ಜಗಲಿಯಲ್ಲಿ ಒಂದು ಮೇಜು ಇಟ್ಟೆವು. ಅರ್ಜಿ ಏನು, ಯಾವ ದಾಖಲೆ ಬೇಕು, ಕೊನೆಯ ದಿನ ಯಾವುದು ಎಂಬುದನ್ನು ಕನ್ನಡದಲ್ಲಿ ಬರೆದು ಅಂಟಿಸಿದೆವು. ಮಲಯಾಳ ಚೆನ್ನಾಗಿ ಬಲ್ಲ ಹಳೆ ವಿದ್ಯಾರ್ಥಿಗಳು ತುಂಬಿಸಿಕೊಡಲು ಕುಳಿತರು. ಮೊದಲ ಶನಿವಾರ ಬಂದವರು ನಾಲ್ಕೇ ಮಂದಿ. ಮೂರನೆಯದಕ್ಕೆ ಜಗಲಿ ಸಾಲದಾಯಿತು. ಆ ಅಜ್ಜಿಯೂ ಬಂದರು. ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಹೆಸರಿತ್ತು. ಅದೇ ಗ್ರಾಮಸಭೆಯಲ್ಲಿ, ನೋಟೀಸನ್ನು ಕನ್ನಡದಲ್ಲಿಯೂ ಹೊರಡಿಸಬೇಕೆಂಬ ಬೇಡಿಕೆಯನ್ನು ಮಂಡಿಸಿದವರು ಒಬ್ಬ ಮಲಯಾಳಿ ತಂದೆ. ಅವರ ಮಗಳು ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿದ್ದಳು.

ಅಧ್ಯಾಪಕರಿಗೆ ಪಂಚಾಯತಿನ ಉಸಾಬರಿ ಏಕೆ, ಅದು ರಾಜಕೀಯವಲ್ಲವೇ ಎಂದು ಕೇಳುವ ಮಿತ್ರರಿದ್ದಾರೆ. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ತರಗತಿಯ ಕೆಲಸವನ್ನೂ ಊರಿನ ಕೆಲಸವನ್ನೂ ಅವರು ಬೇರೆ ಬೇರೆ ಎಂದು ಕಾಣಲಿಲ್ಲ. ನಾವೆಲ್ಲ ಅಧ್ಯಕ್ಷರಾಗಬೇಕಿಲ್ಲ, ಮತದಾರರಾಗಿ ಸಭೆಯಲ್ಲಿ ಕುಳಿತರೆ ಸಾಕು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕನ್ನಡ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಮಕ್ಕಳಿಗೆ ಮಾತ್ರ ಬೇಕಾದ ಶಾಲೆ, ಮಕ್ಕಳು ಕಡಿಮೆಯಾದೊಡನೆ ಊರಿಗೆ ಬೇಡವಾಗುತ್ತದೆ. ಅಜ್ಜಿಗೂ ಕೃಷಿಕನಿಗೂ ಬೀಡಿ ಕಟ್ಟುವ ತಾಯಿಗೂ ಬೇಕಾದ ಶಾಲೆಯನ್ನು ಮುಚ್ಚಲು ಊರು ಸುಲಭದಲ್ಲಿ ಬಿಡದು. ಶಾಲೆಯನ್ನು ಉಳಿಸಲು ಭಾಷಣಕ್ಕಿಂತ ಆ ಜಗಲಿಯ ಮೇಜು ಹೆಚ್ಚು ಉಪಯೋಗಕ್ಕೆ ಬಂದೀತು ಎಂಬುದು ನಮ್ಮ ಅನುಭವ.

2025ರ ಡಿಸೆಂಬರಿನಲ್ಲಿ ಚುನಾವಣೆ ನಡೆದು ಪಂಚಾಯತುಗಳಿಗೆ ಹೊಸ ಆಡಳಿತ ಸಮಿತಿಗಳು ಬಂದಿವೆ. ಹೆತ್ತವರಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ನಮ್ಮ ಬಿನ್ನಹ ಇಷ್ಟೇ: ನಿಮ್ಮ ವಾರ್ಡಿನ ಮುಂದಿನ ಗ್ರಾಮಸಭೆ ಎಂದು, ಎಲ್ಲಿ ಎಂದು ಈಗಲೇ ವಿಚಾರಿಸಿ. ಶಾಲೆಗೆ ಬೇಕಾದುದನ್ನೂ ಮನೆಗೆ ಬೇಕಾದುದನ್ನೂ ಬರೆದುಕೊಂಡು ಹೋಗಿ. ನೆರೆಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಬಾಗಿಲು ತೆರೆಯಲು ನಾವಿರುತ್ತೇವೆ; ಈ ಬಾರಿ ಬೀಗದ ಕೈ ಕೊಟ್ಟು ಮನೆಗೆ ಹೋಗುವುದಿಲ್ಲ.